ನಿಮ್ಮ ರೀಚಾರ್ಜ್ ಸೆಲ್‌ಗಳಲ್ಲಿ ದಮ್ಮು ಎಷ್ಟಿದೆ? ಚಾರ್ಜರ್‌ನಲ್ಲೇ ಅಳೆದು ನೋಡಿ

ಕ್ಯಾಮೆರಾ ಫ್ಲಾಶ್‌ಗೆ ನಾಲ್ಕು ಸೆಲ್ ಹಾಕಿದ್ದೀರಿ. ನಾಲ್ಕೂ ರಾತ್ರಿಯಿಡೀ ಚಾರ್ಜ್ ಆದವೇ. ಆದರೂ ಸ್ವಲ್ಪ ಹೊತ್ತಿಗೇ ಫ್ಲಾಶ್ ಸುಸ್ತಾಗುತ್ತದೆ. ನಾಲ್ಕನ್ನೂ ಎಸೆದು ಹೊಸದು ತರೋಣ ಅನ್ನಿಸುತ್ತದೆ ಅಲ್ವಾ? ತಾಳಿ. ಹೆಚ್ಚಿನ ಸಲ ಸೋತಿರುವುದು ಒಂದೇ ಸೆಲ್. ಅದು ಮೊದಲು ಖಾಲಿಯಾಗಿ ಇಡೀ ಸಾಲನ್ನು ನಿಲ್ಲಿಸಿಬಿಡುತ್ತದೆ. ಅಷ್ಟೇ ಅಲ್ಲ, ಉಳಿದ ಮೂರು ಅದರ ಮೂಲಕವೇ ಕರೆಂಟ್ ಹರಿಸುವುದರಿಂದ ಅದರ ಪ್ಲಸ್-ಮೈನಸ್ ತಿರುಗುಮುರುಗಾಗಿ ಇನ್ನಷ್ಟು ಹಾಳಾಗುತ್ತದೆ. ಆ ಒಂದು ಸೆಲ್ ಯಾವುದು ಅಂತ ಕಂಡುಹಿಡಿಯಲು ಲ್ಯಾಬ್ ಬೇಕಿಲ್ಲ. ಟೆಸ್ಟ್ ಸೌಲಭ್ಯ ಇರುವ ನಾಲ್ಕು ಸ್ಲಾಟ್‌ನ ಚಾರ್ಜರ್ ಸಾಕು.

ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿದರೆ ಆಗದೇ? ಆಗುವುದಿಲ್ಲ. ಆಗಷ್ಟೇ ಚಾರ್ಜ್ ಆದ ನಿಕಲ್ ಸೆಲ್ (ಎಎ, ಎಎಎ ಗಾತ್ರದ ಮಾಮೂಲಿ ರೀಚಾರ್ಜ್ ಸೆಲ್) ಹೊಸದಿರಲಿ, ಹಳೆಯದಿರಲಿ, 1.4 ವೋಲ್ಟ್ ಆಸುಪಾಸು ತೋರಿಸುತ್ತದೆ. ಅದು ಎಷ್ಟು ಹೊತ್ತು ಬಾಳುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ಅದನ್ನು ತಿಳಿಯಲು ಇರುವುದು ಒಂದೇ ದಾರಿ. ಪೂರ್ತಿ ತುಂಬಿಸಬೇಕು, ಒಂದೇ ಕರೆಂಟ್‌ನಲ್ಲಿ ಖಾಲಿ ಮಾಡಬೇಕು, ಹೊರಬಂದದ್ದನ್ನು ಲೆಕ್ಕ ಹಾಕಬೇಕು. ಚಾರ್ಜರ್ ಮಾಡುವುದೂ ಇದನ್ನೇ. 500 ಮಿಲಿಆಂಪ್‌ನಲ್ಲಿ 3 ಗಂಟೆ 36 ನಿಮಿಷ ಓಡಿದರೆ 1800 ಮಿಲಿಆಂಪ್-ಗಂಟೆ, ಅಂದರೆ 1800 ಎಂಎಎಚ್. ಇದರಲ್ಲಿ ಗುಣಾಕಾರ ಬಿಟ್ಟು ಬೇರೇನೂ ಇಲ್ಲ.

ಎಂಥ ಚಾರ್ಜರ್ ಬೇಕು?

ಓಪಸ್ ಬಿಟಿ-ಸಿ3100, ಲಿಟೊಕಾಲಾ ಲೀ-500, ಸ್ಕೈಆರ್‌ಸಿ ಎಂಸಿ3000 ಇಂಥವು ನಿಕಲ್ ಮತ್ತು ಲಿಥಿಯಂ ಎರಡನ್ನೂ ಅಳೆಯುತ್ತವೆ. ಮಾಹಾ ಎಂಎಚ್-ಸಿ9000 ನಿಕಲ್ ಸೆಲ್‌ಗಳಿಗೆ ಮಾತ್ರ. ಹೆಸರು ಯಾವುದೇ ಇರಲಿ, ಎರಡು ವಿಷಯ ನೋಡಿಕೊಳ್ಳಿ. ಒಂದು, ಪ್ರತಿ ಸ್ಲಾಟ್ ತನ್ನಷ್ಟಕ್ಕೆ ಬೇರೆಯಾಗಿ ಕೆಲಸ ಮಾಡಬೇಕು. ಎರಡೆರಡು ಸೆಲ್ ಜೋಡಿಯಾಗಿ ಹಾಕಲೇಬೇಕಾದ ಚಾರ್ಜರ್ ಈ ಕೆಲಸಕ್ಕೆ ಬಾರದು. ಇನ್ನೊಂದು, ಅದಕ್ಕೆ ಡಿಸ್ಚಾರ್ಜ್ ಮಾಡಲು, ಅಂದರೆ ಸೆಲ್ ಖಾಲಿ ಮಾಡಲು, ಬರಬೇಕು. ಬರೀ ಚಾರ್ಜ್ ಮಾಡುತ್ತಾ ಎಂಎಎಚ್ ತೋರಿಸಿದರೆ ಸಾಲದು.

ಎರಡನೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ನಿಕಲ್ ಸೆಲ್‌ಗೆ ಒಳಗೆ ಹೋದದ್ದೆಲ್ಲ ಹೊರಗೆ ಬರುವುದಿಲ್ಲ. ತುಂಬುತ್ತಾ ಬಂದಂತೆ ಕರೆಂಟಿನ ಒಂದು ಪಾಲು ಬಿಸಿಯಾಗಿ ಕಳೆದುಹೋಗುತ್ತದೆ. ಅದಕ್ಕೇ ಚಾರ್ಜ್ ಮುಗಿದಾಗ 2300 ತೋರಿಸಿದ ಸೆಲ್ ವಾಪಸ್ ಕೊಡುವುದು 1900 ಇರಬಹುದು. ಲಿಥಿಯಂ ಸೆಲ್‌ಗಳಲ್ಲಿ ಈ ನಷ್ಟ ತೀರಾ ಕಡಿಮೆ, ಎರಡೂ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಕೆಲವು ಚಾರ್ಜರ್‌ಗಳು ಬೇಗ ಮುಗಿಸುವ ಟೆಸ್ಟ್‌ನಲ್ಲಿ ಚಾರ್ಜ್ ಆದ ಲೆಕ್ಕವನ್ನೇ ತೋರಿಸಿ ಸುಮ್ಮನಾಗುತ್ತವೆ. ಹಾಗಾಗಿ ಕೈಪಿಡಿಯನ್ನು ಒಮ್ಮೆ ತೆರೆದು, ಸ್ಕ್ರೀನ್ ಮೇಲಿನ ಅಂಕಿ ಒಳಗೆ ಹೋದದ್ದೋ ಹೊರಗೆ ಬಂದದ್ದೋ ನೋಡಿಕೊಳ್ಳಿ.

ಮೊದಲು ಸೆಲ್‌ಗಳನ್ನು ಬೇರ್ಪಡಿಸಿ

ಒಮ್ಮೆ ಬಳಸಿ ಎಸೆಯುವ ಆಲ್ಕಲೈನ್ ಸೆಲ್ ಇದರಲ್ಲಿ ಹಾಕಲೇಬೇಡಿ. ಎಎ ಗಾತ್ರದಲ್ಲೇ ಬರುವ 1.5 ವೋಲ್ಟ್ ಲಿಥಿಯಂ ರೀಚಾರ್ಜ್ ಸೆಲ್‌ಗಳನ್ನೂ ಪಕ್ಕಕ್ಕಿಡಿ. ಅವುಗಳ ಒಳಗೇ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ, ಅವಕ್ಕೆ ಬೇರೆಯದೇ ಚಾರ್ಜರ್ ಬೇಕು. (ಅವುಗಳ ಮೇಲೆ ಎಂಎಎಚ್ ಬದಲು ಎಂಡಬ್ಲ್ಯುಎಚ್, ಅಂದರೆ ಮಿಲಿವ್ಯಾಟ್-ಗಂಟೆ, ಎಂದು ದೊಡ್ಡ ಅಂಕಿ ಬರೆದಿರುತ್ತಾರೆ. 3000 ಎಂಡಬ್ಲ್ಯುಎಚ್ ಅಂದರೆ 1.5 ವೋಲ್ಟ್‌ನಲ್ಲಿ 2000 ಎಂಎಎಚ್, ಅಷ್ಟೇ.) ಮಾಮೂಲಿ ಲಿಥಿಯಂ ಸೆಲ್ 4.2 ವೋಲ್ಟ್‌ಗೆ ತುಂಬುತ್ತದೆ, ಲಿಥಿಯಂ ಐರನ್ ಫಾಸ್ಫೇಟ್ 3.65ಕ್ಕೇ ನಿಲ್ಲಬೇಕು. ಚಾರ್ಜರ್‌ನಲ್ಲಿ ಅದಕ್ಕೆ ಬೇರೆ ಆಯ್ಕೆ ಇಲ್ಲದಿದ್ದರೆ ಆ ಸೆಲ್ ಹಾಕಬೇಡಿ.

ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದ, ನೆಗ್ಗಿದ, ಸೋರಿದ ಸೆಲ್‌ಗಳನ್ನು ಟೆಸ್ಟ್ ಮಾಡುವುದೇ ಬೇಡ. 2 ವೋಲ್ಟ್‌ಗಿಂತ ಕೆಳಗಿಳಿದು ಬಹಳ ದಿನ ಬಿದ್ದಿದ್ದ ಲಿಥಿಯಂ ಸೆಲ್‌ಗೆ ಜೀವ ತುಂಬುವ ಸಾಹಸವೂ ಬೇಡ. ಅಂಥ ಸೆಲ್ ಒಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಶಾರ್ಟ್ ಆಗುವ ಅಪಾಯವಿದೆ.

ಉಳಿದ ಪ್ರತಿ ಸೆಲ್ ಮೇಲೆ ಮಾರ್ಕರ್‌ನಲ್ಲಿ ಒಂದು ನಂಬರ್ ಬರೆಯಿರಿ. ಒಂದೇ ಬಣ್ಣದ ಎಂಟು ಸೆಲ್‌ಗಳಲ್ಲಿ ಯಾವುದು ಯಾವುದು ಅಂತ ಮಾರನೇ ದಿನ ನೆನಪಿರುವುದಿಲ್ಲ. ಎರಡೂ ತುದಿಗಳನ್ನು ಮತ್ತು ಸ್ಲಾಟ್‌ನ ಲೋಹದ ತಗಡುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಒರೆಸುವಾಗ ಚಾರ್ಜರ್‌ನ ಪ್ಲಗ್ ಕಿತ್ತಿರಲಿ.

ಕರೆಂಟ್ ಎಷ್ಟಿಡಬೇಕು?

ನಿಕಲ್ ಸೆಲ್‌ಗಳಿಗೆ ಐಇಸಿ 61951-2 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಸಾಮರ್ಥ್ಯದ (ಸೆಲ್ ಮೇಲೆ ಬರೆದ ಎಂಎಎಚ್ ಅಂಕಿಯ) ಹತ್ತನೇ ಒಂದು ಭಾಗದ ಕರೆಂಟ್‌ನಲ್ಲಿ 16 ಗಂಟೆ ಚಾರ್ಜ್, ಆಮೇಲೆ ಒಂದರಿಂದ ನಾಲ್ಕು ಗಂಟೆ ವಿಶ್ರಾಂತಿ, ಆಮೇಲೆ ಐದನೇ ಒಂದು ಭಾಗದ ಕರೆಂಟ್‌ನಲ್ಲಿ 1 ವೋಲ್ಟ್‌ಗೆ ಇಳಿಯುವ ತನಕ ಡಿಸ್ಚಾರ್ಜ್. ಎಂಎಚ್-ಸಿ9000ರ ಬ್ರೇಕ್-ಇನ್ ಎಂಬ ಆಯ್ಕೆ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ, ಎರಡು ದಿನದ ಹತ್ತಿರ ತೆಗೆದುಕೊಳ್ಳುತ್ತದೆ.

ಅಷ್ಟು ಸಮಯ ಇಲ್ಲದವರು ಚಾರ್ಜ್ ಅನ್ನು ಸಾಮರ್ಥ್ಯದ ಅರ್ಧಕ್ಕೆ ಇಡಿ. ಅಂದರೆ 2000 ಎಂಎಎಚ್ ಎಎ ಸೆಲ್‌ಗೆ 1000 ಮಿಲಿಆಂಪ್, 800ರ ಎಎಎ ಸೆಲ್‌ಗೆ 400 ಆಸುಪಾಸು. ಡಿಸ್ಚಾರ್ಜ್ ಎಎಗೆ 400 ಅಥವಾ 500, ಎಎಎಗೆ 200. ನಿಧಾನ ಚಾರ್ಜ್ ಮಾಡಿದರೆ ಸೆಲ್‌ಗೆ ಒಳ್ಳೆಯದು ಅಂದುಕೊಂಡು ತೀರಾ ಕಡಿಮೆ ಕರೆಂಟ್ ಇಡುವವರಿದ್ದಾರೆ. ಇಂಥ ಚಾರ್ಜರ್‌ಗಳಲ್ಲಿ ಅದು ಉಲ್ಟಾ ಹೊಡೆಯಬಹುದು. ನಿಕಲ್ ಸೆಲ್ ತುಂಬಿದಾಗ ಏರುತ್ತಿದ್ದ ವೋಲ್ಟೇಜ್ ಚೂರೇ ಚೂರು ಇಳಿಯುತ್ತದೆ. ಸೆಲ್ ತುಂಬಿತು ಅಂತ ಚಾರ್ಜರ್‌ಗೆ ಗೊತ್ತಾಗುವುದು ಹೆಚ್ಚಾಗಿ ಆ ಇಳಿತದಿಂದ. ಕರೆಂಟ್ ಕಡಿಮೆ ಇದ್ದರೆ ಇಳಿತ ಸ್ಪಷ್ಟವಾಗಿರುವುದಿಲ್ಲ, ಚಾರ್ಜರ್ ನಿಲ್ಲಿಸುವುದನ್ನೇ ಮರೆತು ಸೆಲ್ ಬಿಸಿ ಮಾಡುತ್ತಾ ಕೂರುತ್ತದೆ.

ಎಎಗಿಂತ ತುಸು ದೊಡ್ಡದಾದ, 18650 ಎಂಬ ಗಾತ್ರದ ಮಾಮೂಲಿ ಲಿಥಿಯಂ ಸೆಲ್‌ಗೆ 1000 ಮಿಲಿಆಂಪ್ ಚಾರ್ಜ್, 500 ಡಿಸ್ಚಾರ್ಜ್ ಸಾಕು.

ಸೆಲ್ ಹಾಕಿದ ಕೆಲವೇ ಸೆಕೆಂಡ್‌ಗಳಲ್ಲಿ ಟೆಸ್ಟ್ ಆಯ್ಕೆಯನ್ನು ಒತ್ತಬೇಕು. ತಡವಾದರೆ ಹೆಚ್ಚಿನ ಚಾರ್ಜರ್‌ಗಳು ಸುಮ್ನೆ ಚಾರ್ಜ್ ಮಾಡಲು ಶುರು ಮಾಡುತ್ತವೆ. ಹಾಗಾದರೆ ಸೆಲ್ ತೆಗೆದು ಮತ್ತೆ ಹಾಕಿ. ಟೆಸ್ಟ್‌ನಲ್ಲಿ ಮೂರು ಭಾಗ: ತುಂಬಿಸುವುದು, ಖಾಲಿ ಮಾಡಿ ಅಳೆಯುವುದು, ಮತ್ತೆ ತುಂಬಿಸುವುದು. ಎಎ ಸೆಲ್‌ಗೆ ಮೇಲಿನ ಲೆಕ್ಕದಲ್ಲಿ ಎಂಟೊಂಬತ್ತು ಗಂಟೆ ಬೇಕು. 3000 ಎಂಎಎಚ್ 18650ಕ್ಕೆ ಡಿಸ್ಚಾರ್ಜ್ ಒಂದೇ ಆರು ಗಂಟೆ.

ಈ ಹೊತ್ತಿನಲ್ಲಿ ಚಾರ್ಜರ್ ಚೆನ್ನಾಗಿ ಬಿಸಿಯಾಗುತ್ತದೆ. ಸೆಲ್‌ನಿಂದ ಹೊರಬಂದ ವಿದ್ಯುತ್ತು ಒಳಗೇ ಶಾಖವಾಗಿ ಕರಗಬೇಕಲ್ಲ. ಗಟ್ಟಿಯಾದ, ಬೆಂಕಿ ಹತ್ತದ ಜಾಗದ ಮೇಲೆ, ಗಾಳಿಯಾಡುವ ಕಡೆ ಇಡಿ. ಹಾಸಿಗೆ, ಪೇಪರ್ ರಾಶಿ ಬೇಡ. ಲಿಥಿಯಂ ಟೆಸ್ಟ್ ಹಾಕಿ ಮನೆ ಬಿಟ್ಟು ಹೋಗುವುದಾಗಲಿ, ಮಲಗುವುದಾಗಲಿ ಬೇಡ.

ಬಂದ ಸಂಖ್ಯೆಯನ್ನು ಓದುವುದು

ನನ್ನ ಪ್ರಕಾರ ಈ ಚಾರ್ಜರ್‌ಗಳ ಅಂಕಿಯನ್ನು ಲೇಬಲ್ ಜೊತೆ ಹೋಲಿಸುವುದಕ್ಕಿಂತ, ಪಕ್ಕದ ಸೆಲ್ ಜೊತೆ ಮತ್ತು ಅದೇ ಸೆಲ್‌ನ ಹಿಂದಿನ ಅಂಕಿ ಜೊತೆ ಹೋಲಿಸುವುದೇ ಸರಿ. ಕಾರಣ ಇದೆ. ಡಿಸ್ಚಾರ್ಜ್ ಕರೆಂಟ್ ಜಾಸ್ತಿಯಾದರೆ ಸಂಖ್ಯೆ ಇಳಿಯುತ್ತದೆ. ಚಳಿಯಲ್ಲಿ ಇಳಿಯುತ್ತದೆ. ಚಾರ್ಜರ್ ಎಷ್ಟು ವೋಲ್ಟ್‌ಗೆ ಡಿಸ್ಚಾರ್ಜ್ ನಿಲ್ಲಿಸುತ್ತದೆ ಎಂಬುದರ ಮೇಲೂ ಬದಲಾಗುತ್ತದೆ. ಎಷ್ಟೋ 18650 ಸೆಲ್‌ಗಳ ಲೇಬಲ್ ಅಂಕಿ 2.5 ವೋಲ್ಟ್ ತನಕ ಇಳಿಸಿ ಅಳೆದದ್ದು. ನಿಮ್ಮ ಚಾರ್ಜರ್ 2.8ಕ್ಕೋ 3ಕ್ಕೋ ನಿಲ್ಲಿಸಿದರೆ ಸ್ವಲ್ಪ ಕಡಿಮೆ ಬಂದೇ ಬರುತ್ತದೆ. ಅಷ್ಟಕ್ಕೇ ಸೆಲ್ ನಕಲಿ ಅನ್ನಬೇಡಿ.

ಹಾಗಂತ ಲೇಬಲ್ಲನ್ನು ಪೂರ್ತಿ ನಂಬುವುದೂ ಬೇಡ. ಸಾನ್ಯೊ 2005ರಲ್ಲಿ ತಂದ, ಈಗ ಪ್ಯಾನಸೋನಿಕ್ ಮಾರುವ ಎನೆಲೂಪ್ ಎಎ ಸೆಲ್ ಮೇಲೆ ಹಲವು ವರ್ಷ ‘ಕನಿಷ್ಠ 1900’ ಎಂದೇ ಇತ್ತು. ಕನಿಷ್ಠ ಎಷ್ಟು ಅಂತ ಬರೆಯುವವರ ಮಾತಿಗೆ ತೂಕ ಜಾಸ್ತಿ. ಇನ್ನೊಂದು ಕಡೆ 9900 ಎಂಎಎಚ್ ಎಂದು ಬರೆದ 18650ಗಳೂ ಸಿಗುತ್ತವೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಡಬ್ಬಿಯಲ್ಲಿ ಹೆಸರಾಂತ ಕಂಪನಿಗಳೇ ಬಹುಕಾಲ 3500ರ ಆಸುಪಾಸಿನಲ್ಲಿದ್ದವು. 9900 ಬರೆದದ್ದನ್ನು ಟೆಸ್ಟ್ ಮಾಡುವ ಮೊದಲು ತೂಕ ನೋಡಿ. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ.

ಒಂದೇ ಸೆಲ್ ಬೇರೆ ಬೇರೆ ಸ್ಲಾಟ್‌ನಲ್ಲಿ ಬೇರೆ ಬೇರೆ ಅಂಕಿ ಕೊಡಬಹುದು. ಅದಕ್ಕೆ ಒಂದು ಒಳ್ಳೆಯ ಸೆಲ್ ಆರಿಸಿ ನಾಲ್ಕೂ ಸ್ಲಾಟ್‌ನಲ್ಲಿ ಒಂದೊಂದು ಸಲ ಅಳೆಯಿರಿ. ಬೇಸರದ ಕೆಲಸವೇ, ಆದರೆ ಒಮ್ಮೆ ಮಾಡಿದರೆ ಸಾಕು. ಮೂರನೇ ಸ್ಲಾಟ್ ಯಾವಾಗಲೂ 50 ಜಾಸ್ತಿ ತೋರಿಸುತ್ತದೆ ಅಂತ ಗೊತ್ತಾದರೆ ಮುಂದೆ ಆ 50ಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಿಲಿಓಮ್‌ನಲ್ಲಿ ತೋರಿಸುವ ಒಳರೋಧದ (ಸೆಲ್ ತನ್ನೊಳಗೇ ಕರೆಂಟಿಗೆ ಒಡ್ಡುವ ಅಡ್ಡಿಯ) ಅಂಕಿಯನ್ನಂತೂ ನಾನು ಹೆಚ್ಚು ನಂಬುವುದಿಲ್ಲ. ಸೆಲ್ ಅನ್ನು ತುಸು ತಿರುಗಿಸಿ ಕೂರಿಸಿದರೂ ಅದು ಬದಲಾಗುತ್ತದೆ. ಉಳಿದವಕ್ಕಿಂತ ಹಲವು ಪಟ್ಟು ಬಂದರೆ ಮಾತ್ರ ಗಮನಿಸಿ.

ಪುಸ್ತಕದಲ್ಲಿ ಸೆಲ್ ನಂಬರ್, ತಾರೀಖು, ಸ್ಲಾಟ್, ಡಿಸ್ಚಾರ್ಜ್ ಕರೆಂಟ್, ಬಂದ ಎಂಎಎಚ್ ಬರೆಯಿರಿ. ಮುಂದಿನ ಸಲವೂ ಅದೇ ಕರೆಂಟ್ ಇರಲಿ.

ಬಹಳ ದಿನ ಡ್ರಾಯರ್‌ನಲ್ಲಿದ್ದ ನಿಕಲ್ ಸೆಲ್ ಮೊದಲ ಸಲ 1300 ಕೊಟ್ಟರೆ ಎಸೆಯಬೇಡಿ. ಮತ್ತೆ ಮತ್ತೆ ತುಂಬಿಸಿ ಖಾಲಿ ಮಾಡುವ ರಿಫ್ರೆಶ್ ಆಯ್ಕೆಯಲ್ಲಿ ಮೂರ್ನಾಲ್ಕು ಸುತ್ತು ಓಡಿಸಿ. ಕೆಲವು ಸೆಲ್ ಸುತ್ತಿನಿಂದ ಸುತ್ತಿಗೆ ಏರಿ 1700, 1800ಕ್ಕೆ ಬಂದು ನಿಲ್ಲುತ್ತವೆ. ಏರದೇ ಅಲ್ಲೇ ಕೂತರೆ ಅದರ ಆಯಸ್ಸು ಅಷ್ಟೇ. ಲಿಥಿಯಂಗೆ ಈ ಕಸರತ್ತು ಬೇಡ, ಸುಮ್ನೆ ಸವೆತ.

ಬರೆದ ಸಾಮರ್ಥ್ಯದ 80 ಶೇಕಡಕ್ಕಿಂತ ಮೇಲಿದ್ದರೆ ಫ್ಲಾಶ್, ಆಟಿಕೆಯಂಥ ಕರೆಂಟ್ ಜಾಸ್ತಿ ಎಳೆಯುವ ಕಡೆಗೆ. 60ರಿಂದ 80ರ ನಿಕಲ್ ಸೆಲ್ ಗೋಡೆ ಗಡಿಯಾರಕ್ಕೋ ರಿಮೋಟಿಗೋ ಆದೀತು. ಒಂದೇ ಸಾಧನಕ್ಕೆ ಹಾಕುವ ನಾಲ್ಕೂ ಸೆಲ್ ಹತ್ತಿರ ಹತ್ತಿರದ ಅಂಕಿಯವಾಗಿರಲಿ. 1900ರ ಮೂರಕ್ಕೆ 1400ರದ್ದೊಂದು ಸೇರಿಸುವ ಬದಲು 1500ರ ನಾಲ್ಕು ಹಾಕುವುದೇ ಮೇಲು.

ಟೆಸ್ಟ್‌ನಲ್ಲಿ ಪಾಸಾಗಿಯೂ ಕೈಕೊಡುವ ಸೆಲ್‌ಗಳಿವೆ. ಚಾರ್ಜ್ ಆದ ಕೂಡಲೇ ಅಳೆದರೆ 1900, ಮೂರು ವಾರ ಬಿಟ್ಟು ನೋಡಿದರೆ ಖಾಲಿ. ತನ್ನಷ್ಟಕ್ಕೇ ಸೋರುವ ಕಾಯಿಲೆ ಅದು. ಹಿಡಿಯಲು ಪೂರ್ತಿ ಚಾರ್ಜ್ ಮಾಡಿ, ಕೆಲವು ವಾರ ಸುಮ್ನೆ ಇಟ್ಟು, ಮತ್ತೆ ಚಾರ್ಜ್ ಮಾಡದೆ ಬರೀ ಡಿಸ್ಚಾರ್ಜ್ ಆಯ್ಕೆಯಲ್ಲಿ ಹಾಕಿ. ಇಲ್ಲಿ ಟೆಸ್ಟ್ ಆಯ್ಕೆ ಒತ್ತಿದರೆ ಅದು ಮೊದಲು ತುಂಬಿಸಿಬಿಡುತ್ತದೆ, ಕಾದದ್ದೆಲ್ಲ ದಂಡ. ಹಳೆಯ ಮಾದರಿಯ ನಿಕಲ್ ಸೆಲ್ ತಿಂಗಳಲ್ಲಿ ಕಾಲು ಭಾಗ ಕಳೆದುಕೊಂಡರೆ ಅದರ ಗುಣವೇ ಹಾಗೆ. ಚಾರ್ಜ್ ಬಹಳ ದಿನ ಹಿಡಿದಿಡುವ ಎನೆಲೂಪ್ ತರಹದ್ದು ಅಷ್ಟು ಕಳೆದುಕೊಂಡರೆ ಕೆಟ್ಟಿದೆ ಅಂತಲೇ ಅರ್ಥ.

ಕೈಬಿಟ್ಟ ಸೆಲ್‌ಗಳನ್ನು ಮನೆಯ ಕಸಕ್ಕೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಕೊಡುವ ತನಕ ಲಿಥಿಯಂ ಸೆಲ್‌ಗಳ ಎರಡೂ ತುದಿಗೆ ಟೇಪ್ ಸುತ್ತಿ, ಬೇರೆ ಲೋಹದ ಸಾಮಾನು ತಾಗದಂತೆ ಇಡಿ.