ದೆವ್ವದ ಬೆರಳಿನ ಕೋಡುಬಳೆ

ಅಮೆರಿಕದ ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದಾಗ ಅಕ್ಟೋಬರ್ 31ರ ಹಾಲೋವೀನ್ ನೋಡಿದ್ದೇನೆ. ಮಕ್ಕಳು ದೆವ್ವ ಗಿವ್ವದ ವೇಷ ಹಾಕಿ, ಚೀಲ ಹಿಡಿದು ಮನೆಮನೆಗೆ ಹೋಗಿ ತಿಂಡಿ ಕೇಳುವ ಹಬ್ಬ ಅದು. ಮಕ್ಕಳ ಚೀಲದ ತುಂಬ ಸಿಹಿಯೇ ಇರುತ್ತೆ, ಖಾರದ್ದೂ ಏನಾದರೂ ಇರಲಿ ಅಂತ ಅಲ್ಲಿನ ನಮ್ಮ ಹುಡುಗಿಯರು ಕೋಡುಬಳೆ ಹಿಟ್ಟಿನಲ್ಲಿ ದೆವ್ವದ ಬೆರಳು ಮಾಡುತ್ತಾರೆ. ಯೋಚನೆ ಚೆನ್ನಾಗಿದೆ. ಮಾಡುವ ರೀತಿ ನೋಡಿದರೆ ಮಾತ್ರ ಮೈ ಉರಿಯುತ್ತೆ! ಹೆಬ್ಬೆರಳು ದಪ್ಪಕ್ಕೆ ಹೊಸೆದು, ಹೊಗೆಯಾಡುವ ಎಣ್ಣೆಗೆ ಬಿಟ್ಟು, ಎರಡೇ ನಿಮಿಷಕ್ಕೆ ತೆಗೆದರೆ ಒಳಗೆ ಹಸಿ ಹಿಟ್ಟೇ ಇರುತ್ತೆ. ಮಗುವಿನ ಕಿರುಬೆರಳಿನಷ್ಟು ದಪ್ಪ ಸಾಕು. ಸಣ್ಣ ಉರಿ, ನೊರೆ ಅಡಗುವವರೆಗೆ ಕಾಯುವುದು.

ಹಿಟ್ಟು ನಿಮಗೆ ಗೊತ್ತಿರುವುದೇ. ಅಕ್ಕಿಹಿಟ್ಟು, ಒಂದು ಹಿಡಿ ಹುರಿಗಡಲೆ ಪುಡಿ, ಸ್ವಲ್ಪ ಚಿರೋಟಿ ರವೆ, ಕೊಬ್ಬರಿ, ಇಂಗು, ಹಿಡಿದರೆ ಮುಷ್ಟಿ ನಿಲ್ಲುವಷ್ಟು ಕಾದ ಎಣ್ಣೆ. ಬಾಟಲಿಯ ಕೆಂಪು ಬಣ್ಣ ಬೇಡ. ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿ. ಬಣ್ಣ ಧಾರಾಳ, ಖಾರ ಮಕ್ಕಳು ತಡೆಯುವಷ್ಟು.

ಇನ್ನು ಉಗುರು. ಎಲ್ಲರೂ ಬಾದಾಮಿ ಸಿಕ್ಕಿಸುತ್ತಾರೆ. ಕೋಡುಬಳೆ ಬೇಯುವುದರೊಳಗೆ ಬಾದಾಮಿ ಕಪ್ಪಾಗುತ್ತೆ, ಮೇಲಾಗಿ ಬಾದಾಮಿ ಆಗದ ಮಕ್ಕಳೂ ಬಂದಿರುತ್ತಾರೆ. ಬಾಗಿಲ ದೀಪಕ್ಕೆ ಅಂತ ಕುಂಬಳಕಾಯಿ ಕೊರೆದು, ಬೀಜವನ್ನೆಲ್ಲ ನಾರಿನ ಸಮೇತ ಕಸಕ್ಕೆ ಸುರಿಯುತ್ತೀರಲ್ಲ, ಆ ಬೀಜವೇ ಉಗುರು! ಎರಡು ದಿನ ಮೊದಲೇ ತೆಗೆದಿಡಿ. ನೀರಿನಲ್ಲಿ ಉಜ್ಜಿದರೆ ನಾರು ಬಿಡುತ್ತೆ. ಉಪ್ಪು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಹಳೆಯ ಪಂಚೆಯ ಮೇಲೆ ಹರಡಿ. ಕಾಗದದ ಮೇಲೆ ಬೇಡ, ಅಂಟಿಕೊಳ್ಳುತ್ತೆ. ಮುರಿದರೆ ಟಕ್ ಅನ್ನಬೇಕು. ಒದ್ದೆ ಉಳಿದರೆ ಎಣ್ಣೆಯಲ್ಲಿ ಸಿಡಿಯುತ್ತೆ, ಹುಷಾರು. ಬೆರಳಿನ ತುದಿಯಲ್ಲಿ ಚಮಚದ ಹಿಡಿಯಿಂದ ಒಂದು ಗುಳಿ ಒತ್ತಿ, ತೊಟ್ಟು ನೀರು ಸವರಿ, ಬೀಜದ ದುಂಡು ಕಡೆ ಒಳಗೆ, ಚೂಪು ಕಡೆ ಹೊರಗೆ ಬರುವಂತೆ ಮಲಗಿಸಿ. ಆಮೇಲೆ ಮೂರು ಬದಿಯ ಹಿಟ್ಟನ್ನು ಉಗುರಿನ ಸಂದಿಯಂತೆ ಮೇಲೆತ್ತಿ ಅದುಮಿ. ಇಷ್ಟು ಮಾಡದೆ ಬರೀ ಒತ್ತಿದರೆ ಬಾಣಲೆಯಲ್ಲಿ ಉಗುರೊಂದು ಕಡೆ, ಬೆರಳೊಂದು ಕಡೆ. ಗೆಣ್ಣಿಗೆ ಚಾಕುವಿನ ಬೆನ್ನಿನಿಂದ ಎರಡು ಕಡೆ ಮೂರು ಮೂರು ಗೆರೆ. ಜಾಲರಿ ಸೌಟಿನಲ್ಲಿಟ್ಟು ಮೆಲ್ಲಗೆ ಎಣ್ಣೆಗೆ ಇಳಿಸಿ, ನೊರೆ ತಗ್ಗುವವರೆಗೆ ಕೈ ಆಡಿಸಬೇಡಿ.

1990ರ ದಶಕದಲ್ಲಿ ಬೆಂಗಳೂರಿನಲ್ಲಿ ದೆವ್ವ ಬಾಗಿಲು ತಟ್ಟುತ್ತೆ ಅಂತ ಸುದ್ದಿ ಹಬ್ಬಿ, ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ಆಗ ಚಿಕ್ಕವಳಿದ್ದ ಮಗಳು ಕತ್ತಲಾದರೆ ನನ್ನ ಸೆರಗು ಬಿಡುತ್ತಿರಲಿಲ್ಲ. ಒಂದು ಉಂಡೆ ಹಿಟ್ಟು ಕೊಟ್ಟು ಪಕ್ಕದಲ್ಲಿ ಕೂರಿಸಿದರೆ ಹೊಸೆಯುತ್ತಾ ಭಯ ಮರೆಯುತ್ತಿದ್ದಳು. ಈಗ ಅವಳ ಮಕ್ಕಳು ಅದೇ ಹಿಟ್ಟಿನಲ್ಲಿ ದೆವ್ವದ ಬೆರಳು ಹೊಸೆಯುತ್ತಾರೆ.

ಅಂದ ಹಾಗೆ, ಬೆರಳಿನ ಜೊತೆ ಜೇಡದ ಆಕಾರವೂ ಇರಲಿ ಅಂತ ಚಕ್ಕುಲಿ ಒತ್ತಿದವರು ಹಿತ್ತಾಳೆ ಒರಳನ್ನು ಡಿಶ್‌ವಾಷರ್‌ಗೆ ಹಾಕಬೇಡಿ, ಬಣ್ಣಗೆಡುತ್ತೆ. ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜಿ, ತೊಳೆದ ಕೂಡಲೇ ಒರೆಸಿಡಿ.

ಬೆರಳುಗಳು ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಡಿಸುವಾಗ ಮೊಸರಿನ ಬಟ್ಟಲಿಗೆ ಚುಚ್ಚುವುದನ್ನು ನೋಡಿದ್ದೇನೆ. ಕಾಲು ಗಂಟೆಗೆ ನೆಂದು ಬಾಗುತ್ತವೆ. ಅಗಲ ತಟ್ಟೆಯಲ್ಲಿ ಒಗ್ಗರಣೆ ಕಡ್ಲೆಪುರಿ ಗುಡ್ಡೆ ಹಾಕಿ, ಮಣ್ಣಿನಿಂದ ಎದ್ದು ಬಂದಂತೆ ಐದೈದು ಬೆರಳು ನೆಟ್ಟಗೆ ನಿಲ್ಲಿಸಿ.