ಹಳೆಯ ಕಾರಿನ ಮುಂದಿನ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಬದಲಿಸುವ ಕ್ರಮ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವಾಗ ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೊಡನೆ ಸ್ಟೀರಿಂಗ್ ನಡುಗಿದರೆ, ಪ್ಯಾಡ್ ಮಾತ್ರ ಬದಲಿಸಿ ಸುಮ್ಮನಾಗದೆ, ಆ ಪ್ಯಾಡುಗಳು ಒತ್ತಿ ಹಿಡಿಯುವ, ಗಾಲಿಯೊಡನೆ ತಿರುಗುವ ಲೋಹದ ತಟ್ಟೆಯಾದ ಡಿಸ್ಕನ್ನೂ ಪರೀಕ್ಷಿಸಬೇಕು. ಪ್ಯಾಡಿನ ಮೇಲಿನ ಪದರ 3 ಮಿ.ಮೀ.ಗೆ ಇಳಿದಿದ್ದರೆ ಅದನ್ನು ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಬೇಕು. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಹಳೆಯ ಡಿಸ್ಕಿನ ಹೊರ ಅಂಚು ಸವೆಯದೆ ದಿಂಡಿನಂತೆ ಉಳಿದಿರುವುದರಿಂದ, ಅಲ್ಲಿ ವರ್ನಿಯರ್ ಇಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ; ಪ್ಯಾಡ್ ತಾಗುವ ಜಾಗದಲ್ಲಿಯೇ ಮೈಕ್ರೊಮೀಟರಿನಿಂದ ಅಳೆಯಬೇಕು. ಲೇತಿಗೆ ಕೊಟ್ಟು ಮೇಲ್ಮೈ ಸಮ ಮಾಡಿಸುವುದುಂಟಾದರೂ, ಸಣ್ಣ ಕಾರುಗಳ ತೆಳುವಾದ ಡಿಸ್ಕಿಗೆ ಆ ಖರ್ಚು ಮಾಡುವ ಬದಲು ಹೊಸ ಜೋಡಿ ಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಒಂದೇ ಬದಿಯದನ್ನು ಬದಲಿಸಿದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದಾದ್ದರಿಂದ ಎರಡೂ ಬದಿಯವನ್ನು ಒಟ್ಟಿಗೇ ಬದಲಿಸಬೇಕು.

ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಬೇಕು. ಮಳೆಗಾಲದಲ್ಲಿ ಎರೆಮಣ್ಣಿನ ಅಂಗಳ ಈ ಕೆಲಸಕ್ಕೆ ಸಲ್ಲದು, ಏಕೆಂದರೆ ಜಾಕ್ ಹೂತು ವಾಲುತ್ತದೆ. ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಬಳಿಕ ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕನ್ನು ನಂಬಿ ಅಡಿಗೆ ಕೈ ಹಾಕಬಾರದು. ಒಂದು ಬದಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದರೆ, ಯಾವ ಕ್ಲಿಪ್ ಎಲ್ಲಿತ್ತೆಂಬ ಅನುಮಾನ ಬಂದಾಗ ನೋಡಿಕೊಳ್ಳಲು ಬಿಚ್ಚದ ಬದಿ ಇರುತ್ತದೆ.

ಗಾಲಿ ಕಳಚಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಬೋಲ್ಟು ಬಿಚ್ಚಿ ಅದನ್ನು ಹೊರತೆಗೆದ ಮೇಲೆ, ಬ್ರೇಕ್ ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಪ್ಯಾಡುಗಳನ್ನು ತೆಗೆದು, ಅವುಗಳನ್ನು ಹಿಡಿದಿದ್ದ ಬ್ರಾಕೆಟ್ಟನ್ನೂ ಬಿಚ್ಚಿದರೆ ಡಿಸ್ಕ್ ಕೈಗೆ ಸಿಗುತ್ತದೆ. ಡಿಸ್ಕ್ ಕೂರುವ ಗಾಲಿಯ ನಡುಭಾಗವಾದ ಹಬ್ಬಿಗೆ ತುಕ್ಕು ಹಿಡಿದು ಡಿಸ್ಕ್ ಅಲುಗದಿದ್ದರೆ, ಹಲವು ಡಿಸ್ಕುಗಳಲ್ಲಿ ಇರುವ ತಿರುಪಿನ ಗೆರೆ (ಥ್ರೆಡ್) ಉಳ್ಳ ಎರಡು ತೂತುಗಳಿಗೆ ಸರಿಹೊಂದುವ ಬೋಲ್ಟುಗಳನ್ನು ಹಾಕಿ ಸಮನಾಗಿ ಬಿಗಿಯುತ್ತ ಹೋದಾಗ ಡಿಸ್ಕ್ ತಾನೇ ಹೊರಬರುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಡಿಸ್ಕ್ ಹಬ್ಬಿನ ಹಿಂಬದಿಗೆ ಬಿಗಿದಿರುತ್ತದೆ. ಅಂಥದ್ದನ್ನು ಗ್ಯಾರೇಜಿಗೆ ಬಿಡುವುದೇ ಸರಿ.

ಹೊಸ ಡಿಸ್ಕ್ ಕೂರಿಸುವುದು ನಿಮಿಷದ ಕೆಲಸ. ಹೆಚ್ಚಿನ ಹೊತ್ತು ಕೊಡಬೇಕಾದದ್ದು ಸ್ವಚ್ಛತೆಗೆ. ಹಬ್ಬಿನ ಮುಖದ ಮೇಲೆ ತುಕ್ಕಿನ ಒಂದು ಸಣ್ಣ ಹಕ್ಕಳೆ ಉಳಿದರೂ ಡಿಸ್ಕ್ ಓರೆಯಾಗಿ ತಿರುಗಿ, ಬಿಟ್ಟುಹೋಯಿತೆಂದುಕೊಂಡ ನಡುಕ ಮತ್ತೆ ಬರುತ್ತದೆ; ಆದ್ದರಿಂದ ಗಾಲಿಯ ನಟ್ಟು ಕೂರುವ ಸ್ಟಡ್ಡುಗಳ ಬುಡವೂ ಸೇರಿದಂತೆ ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ತಿಕ್ಕಬೇಕು. ಕ್ಯಾಲಿಪರ್ ಜಾರುವ ಪಿನ್ನುಗಳು ಇನ್ನೊಂದು ಮುಖ್ಯ ಜಾಗ. ರಬ್ಬರ್ ಬೂಟು ಹರಿದಿದ್ದರೆ ನಮ್ಮ ಕಡೆಯ ನುಣುಪಾದ ಕರಿಧೂಳು ಒಳಸೇರಿ, ಹಳೆಯ ಗ್ರೀಸಿನೊಡನೆ ಅಂಟಿನಂತಾಗಿ, ಪಿನ್ನು ಬಿಗಿಹಿಡಿಯುತ್ತದೆ. ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ಹಾಗೆಯೇ ಉಳಿದಿರುವುದು ಹೆಚ್ಚಾಗಿ ಇದರ ಗುರುತು. ಪಿನ್ನನ್ನು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಬೆರಳಿನಿಂದ ತಳ್ಳಿದರೆ ಸರಾಗವಾಗಿ ಜಾರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಳೆಯ ಪ್ಯಾಡಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದಾದ ಕಾರಣ ಅದನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಹೊಸ ಡಿಸ್ಕಿಗೆ ಸವರಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೆಗೆದು ಕೂರಿಸಿದ ಮೇಲೆ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ, ಸಿ-ಕ್ಲ್ಯಾಂಪಿನಿಂದ ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ನಿಧಾನವಾಗಿ ಒಳದೂಡಬೇಕು. ಆಗ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತದೆ. ಉಕ್ಕಿ ಹೊರಚೆಲ್ಲಿದರೆ ಬಣ್ಣ ಕಿತ್ತುಬರುವುದರಿಂದ ಮೊದಲೇ ಸ್ವಲ್ಪ ಹೀರಿ ತೆಗೆಯುವುದು ಒಳ್ಳೆಯದು. ಪ್ಯಾಡುಗಳನ್ನು ಕ್ಲಿಪ್ಪಿನಲ್ಲಿ ಕೂರಿಸಿ, ಬೋಲ್ಟುಗಳನ್ನು ಕಾರಿನ ಮ್ಯಾನ್ಯುಯಲ್ ಹೇಳುವ ಬಿಗಿತಕ್ಕೆ ಬಿಗಿತವನ್ನು ಅಳೆದು ತೋರುವ ಟಾರ್ಕ್ ಪಾನಾದಿಂದ ಬಿಗಿಯಬೇಕು. ಪ್ಯಾಡಿಗಾಗಲಿ ಡಿಸ್ಕಿಗಾಗಲಿ ಗ್ರೀಸಿನ ಬೆರಳು ತಾಗಬಾರದು.

ಗಾಲಿ ತೊಡಿಸಿ ಕಾರನ್ನು ಇಳಿಸಿದ ಮೇಲೆ, ಅಲುಗಿಸುವ ಮುನ್ನ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಬೇಕು. ಮೊದಲ ಕೆಲವು ಒತ್ತುಗಳಲ್ಲಿ ಅದು ನೆಲಕ್ಕೆ ಹೋಗುವುದು ಸಹಜ. ಆಯಿಲಿನ ಮಟ್ಟ ನೋಡಿ, ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯದನ್ನೇ ತುಂಬಬೇಕು. ಆಮೇಲೆ ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10 ಕಿ.ಮೀ.ಗೆ ಮೆಲ್ಲಗೆ ಇಳಿಸುವುದನ್ನು, ನಡುನಡುವೆ ಆರಲು ಬಿಡುತ್ತ, ಎಂಟು ಹತ್ತು ಸಲ ಮಾಡಿದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಹುಬ್ಬಳ್ಳಿ–ಧಾರವಾಡದ ಮುಖ್ಯರಸ್ತೆಯ ದಟ್ಟಣೆ ಇದಕ್ಕೆ ತಕ್ಕ ಜಾಗವಲ್ಲ. ಮುಂದೆ ನೂರು ಕಿಲೋಮೀಟರ್ ಓಡಿದ ಮೇಲೆ ಗಾಲಿಯ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡಬೇಕು.