ಗುಜರಿಗೆ ಹೊರಟಿದ್ದ ಟ್ರೆಡಲ್ ಮೇಲೆ ವುಡ್‌ಕಟ್

ವುಡ್‌ಕಟ್ ಅಂದರೆ ಮರದಲ್ಲಿ ಚಿತ್ರ ಕೆತ್ತಿ, ಇಂಕ್ ಹಚ್ಚಿ ಕಾಗದಕ್ಕೆ ಒತ್ತೋದು. ಹಾಗೆ ಕೆತ್ತಿದ ಪ್ಲೈವುಡ್ ಬ್ಲಾಕ್ ಟ್ರೆಡಲ್ (ಕಾಲಿಂದ ತುಳಿದು ಓಡಿಸುವ ಹಳೇ ಅಚ್ಚಿನ ಮಶಿನ್) ಮೇಲೆ ಬರೋದಿಲ್ಲ ಅಂತ ಧಾರವಾಡದ ಗೆಳೆಯರು ಹೇಳಿದರು. ಗದಗಿನ ಪ್ರೆಸ್ಸಿನವರೂ ಹೇಳಿದರು. ಸಿಲಿಂಡರ್ ಉರುಳಿಸಿ ಒತ್ತುವ ಎಚಿಂಗ್ ಪ್ರೆಸ್ ಇಲ್ಲದೆ ಕರಿ ಜಾಗ ತುಂಬಿ ಬರಲ್ಲ, ಮರ ಒತ್ತಡಕ್ಕೆ ಕುಸಿಯುತ್ತೆ, ರೋಲರ್ ಹಾಳಾಗುತ್ತೆ, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಆಮೇಲೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಸ್ಟುಡಿಯೊದಿಂದ ಸುಮಾರು 250 ಕ್ಯಾಲೆಂಡರ್ ಹೊರಗೆ ಹೋದವು. ಹನ್ನೆರಡೂ ಹಾಳೆ ವುಡ್‌ಕಟ್, ಎಲ್ಲವೂ ಟ್ರೆಡಲ್ ಮೇಲೆ ಹೊಡೆದದ್ದು. ಅದಕ್ಕೇ ಈ ಬರಹ. ಉಳಿ ಹಿಡಿದು, ಇಂಕ್ ಹಾಕಿ ಗೊತ್ತಿದ್ದವರಿಗೆ ಬರೆಯುತ್ತಿದ್ದೇನೆ, ಹಾಗಾಗಿ ಅ ಆ ಇ ಈ ಹೇಳುತ್ತಾ ಕೂರುವುದಿಲ್ಲ.

ನಮ್ಮದು ದೊಡ್ಡ ಸ್ಟುಡಿಯೊ ಏನಲ್ಲ. ಹಳೇ ಮಗ್ಗದ ಮನೆ, ತಿಂಗಳಿಗೆ 3 ಸಾವಿರ ಬಾಡಿಗೆ, ಏಳು ಜನ ಹಂಚಿಕೊಂಡು ಕಟ್ಟುತ್ತಿದ್ದೆವು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಡ್ರಾಯಿಂಗ್ ಕ್ಲಾಸು, ಗೋಡೆ ಬರಹ, ಮದುವೆ ಸ್ಟೇಜಿನ ಕೆಲಸ ಎಲ್ಲ ನಿಂತವು. ಬಾಡಿಗೆ ನಿಲ್ಲಲಿಲ್ಲ. ಒಳಗೆ ಒಬ್ಬರಿಗಿಂತ ಜಾಸ್ತಿ ಜನ ಕೂರುವ ಹಾಗಿರಲಿಲ್ಲ. ಆದ್ದರಿಂದ ಪ್ಲೈವುಡ್ ತುಂಡು ಮಾಡಿ ಮನೆಮನೆಗೆ ಹಂಚಿದೆವು. ಕೆತ್ತೋದು ಮನೆಯಲ್ಲಿ, ಪ್ರಿಂಟ್ ತೆಗೆಯೋದು ಸ್ಟುಡಿಯೊದಲ್ಲಿ ಒಬ್ಬರೇ. ಸಣ್ಣ ಉಳಿ ಸಾಲದವರಿಗೆ ಮುರಿದ ಛತ್ರಿಯ ಕಡ್ಡಿ ಸಾಣೆ ಹಿಡಿದು ಕೊಟ್ಟೆ. ಸಣ್ಣ ಗೆರೆಗೆ ಅದು ಅಂಗಡಿ ಉಳಿಗಿಂತ ಚೆನ್ನಾಗಿ ಓಡುತ್ತದೆ, ಬೇಕಾದರೆ ನೋಡಿ.

ಮೊದಲು ಎಲ್ಲರ ಹಾಗೆ ಬ್ಲಾಕ್ ಮೇಲೆ ಕಾಗದ ಇಟ್ಟು ಕೈಯಿಂದಲೇ ಉಜ್ಜಿದೆವು. ಸ್ಟೀಲ್ ಸೌಟಿನ ಬೆನ್ನು, ಬೆಣಚುಕಲ್ಲು, ಬಾಗಿಲ ಹಿಡಿ, ಸಿಕ್ಕಿದ್ದೆಲ್ಲ ಆಯಿತು. ಏಪ್ರಿಲ್ ಬಿಸಿಲಿಗೆ ಒಂದು ಮೂಲೆ ಉಜ್ಜಿ ಮುಗಿಸುವಷ್ಟರಲ್ಲಿ ಇನ್ನೊಂದು ಮೂಲೆ ಅಂಟಲು ಶುರು. ಒಂದು ಒಳ್ಳೆ ಪ್ರಿಂಟಿಗೆ ಅರ್ಧ ತಾಸು, ಹತ್ತಕ್ಕೆ ಭುಜ ಹೋಯಿತು. ಗೋಡೆಗೆ ಹಾಕುವ ಎಂಟತ್ತು ಕಾಪಿಗೆ ಸರಿ, ಮಾರಿ ಬಾಡಿಗೆ ಕಟ್ಟೋಕೆ ಇದು ಆಗುವ ಮಾತಲ್ಲ.

ಮರದ ಕತೆಯೂ ಹೇಳಬೇಕು. ಪ್ಲೈ ಸೀಳು ಬಿಡುತ್ತದೆ ಅಂತ ಬಡಿಗೇರರ ಹತ್ತಿರ ಬೇವಿನ ಹಲಗೆ ತಂದೆವು. ಬೇವಿನ ಎಳೆ ಒಂದು ಪಟ್ಟಿ ಈ ಕಡೆ, ಪಕ್ಕದ ಪಟ್ಟಿ ಆ ಕಡೆ. ಉಳಿ ಯಾವ ದಿಕ್ಕಿಗೆ ಹಿಡಿದರೂ ಎಲ್ಲೋ ಒಂದು ಕಡೆ ಕಿತ್ತು ಬರುತ್ತದೆ. ಮಾವು ಮೆತ್ತಗಿತ್ತು, ಅಗ್ಗ ಇತ್ತು, ಮೊದಲ ಮಳೆಗೇ ಬಾಗಿತು. ಸುಮಾರು 1,200 ರೂಪಾಯಿ ಆ ಹಲಗೆಗಳಲ್ಲಿ ಹೋಯಿತು. ಕೊನೆಗೆ ಪ್ಲೈಗೇ ವಾಪಸ್ ಬಂದು, ಕೆತ್ತುವ ಮೊದಲು ಎರಡೂ ಬದಿಗೆ ಅರಗಿನ ಪಾಲಿಶ್ ಹೊಡೆದೆವು. ಪಾಲಿಶ್ ಕುಡಿದ ಪ್ಲೈ ಗಟ್ಟಿಯಾಗುತ್ತದೆ, ಗೆರೆ ಚೊಕ್ಕ ಬರುತ್ತದೆ.

ಆ ಪಾಲಿಶ್‌ಗೂ ಒಂದು ಗಂಡಾಂತರ ಬಂತು. ಮನೆಯಿಂದ ಬಂದ ಪ್ರತಿ ಬ್ಲಾಕಿಗೂ ಬಾಗಿಲಲ್ಲೇ ಸ್ಯಾನಿಟೈಜರ್ ಸ್ಪ್ರೇ ಮಾಡುವುದು ನಮ್ಮವರೊಬ್ಬರ ನೇಮ. ಅರಗು ಕರಗುವುದೇ ಸ್ಪಿರಿಟ್ಟಿನಲ್ಲಿ, ಸ್ಯಾನಿಟೈಜರಿನಲ್ಲಿ ಇರೋದೂ ಅದೇ. ಮೇಲ್ಮೈ ಬೆಳ್ಳಗಾಗಿ ಜಿಗಟು ಬಿಟ್ಟಿತು, ಪೇಪರ್ ಇಟ್ಟರೆ ಎಬ್ಬಿಸೋಕೆ ಬರಲಿಲ್ಲ. ನಾಲ್ಕೈದು ಬ್ಲಾಕ್ ಮತ್ತೆ ತಿಕ್ಕಬೇಕಾಯಿತು. ಆಮೇಲೆ ಸ್ಪ್ರೇ ಬಿಟ್ಟು ಬಿಸಿಲಿಗೆ ಇಡುತ್ತಿದ್ದೆವು, ಅದೂ ಜಾಸ್ತಿ ಹೊತ್ತಲ್ಲ.

ಟ್ರೆಡಲ್ ವಿಚಾರ ಬಂದದ್ದು ಮಳೆಗಾಲದಲ್ಲಿ. ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸಿನ ಊರು, ನಿಮಗೆ ಗೊತ್ತೇ ಇದೆ. ಆಫ್‌ಸೆಟ್ ಬಂದ ಮೇಲೂ ಕೆಲವರು ಹಳೇ ಟ್ರೆಡಲ್‌ಗಳನ್ನು ಲಗ್ನಪತ್ರಿಕೆ, ಬಿಲ್ ಬುಕ್ಕಿಗೆ ಅಂತ ಇಟ್ಟುಕೊಂಡಿದ್ದರು. ಮದುವೆಗೆ ಐವತ್ತೇ ಜನ ಅಂತ ಆದ ಮೇಲೆ ಲಗ್ನಪತ್ರಿಕೆ ಯಾರು ಮಾಡಿಸುತ್ತಾರೆ? ನನಗೆ ಗುರುತಿದ್ದ ಪ್ರೆಸ್ಸಿನ ಕಾಕಾ ಮಶಿನ್ ಗುಜರಿಗೆ ಹಾಕಲು ಮಾತಾಡಿ ಮುಗಿಸಿದ್ದರು.

"ಕಾಕಾ, ಎರಡು ತಿಂಗಳು ನಮಗ ಕೊಡ್ರಿ, ಬಾಡಿಗಿ ಕೊಡ್ತೀವಿ" ಅಂದೆ.

"ಕಟಗಿ ಬ್ಲಾಕ್ ಹಾಕ್ತಿ ಏನೋ ತಮ್ಮಾ? ರೋಲರ್ ಹರದ್ರ ನೀನ ಕಟ್ಟಬೇಕು ನೋಡು" ಅಂದರು. ಅಂದರೂ ಕೀಲಿ ಕೊಟ್ಟರು.

ಟ್ರೆಡಲ್‌ಗೆ ಬ್ಲಾಕ್ ಎತ್ತರವೇ ಎಲ್ಲ. ಅಚ್ಚುಮೊಳೆಯ, ಅಂದರೆ ಜೋಡಿಸುವ ಸೀಸದ ಅಕ್ಷರದ, ಎತ್ತರ 0.918 ಇಂಚು, ನಮ್ಮ ಲೆಕ್ಕಕ್ಕೆ 23.3 ಮಿಲಿಮೀಟರ್. ಅಂಗಡಿಯವರು 18 ಮಿಲಿಮೀಟರ್ ಅಂತ ಕೊಡುವ ಪ್ಲೈ ಅಳೆದರೆ 17 ಚಿಲ್ಲರೆ. ಕೆಳಗೆ ಇನ್ನೊಂದು ತೆಳು ಪ್ಲೈ ಅಂಟಿಸಿ, ಉಳಿದದ್ದನ್ನು ಐವರಿ ಕಾರ್ಡು, ನ್ಯೂಸ್‌ಪ್ರಿಂಟ್ ಹಾಕಿ ತುಂಬಿಸಬೇಕು. ಒಂದೇ ಪ್ಲೈಯಲ್ಲೂ ದಪ್ಪ ಒಂದೇ ಸಮ ಇರಲ್ಲ. ಪ್ರೂಫ್ ತೆಗೆದು, ಮಂಕಾದ ಜಾಗ ಗುರುತು ಮಾಡಿ, ಬ್ಲಾಕಿನ ಹಿಂದೆ ಅಷ್ಟೇ ಆಕಾರದ ತೆಳು ಪೇಪರ್ ಅಂಟಿಸೋದು. ಹಳೇ ಪ್ರೆಸ್ಸಿನವರಿಗೆ ಇದು ಮೇಕ್‌ರೆಡಿ. ಮೊದಮೊದಲು ಒಂದು ಬ್ಲಾಕಿಗೆ ಇಡೀ ದಿನ ಹೋಗುತ್ತಿತ್ತು, ಕೊನೆಗೆ ಎರಡು ತಾಸಿಗೆ ಬಂತು.

ಎತ್ತರ ಸರಿ ಬಂದರೂ ಕರಿ ತುಂಬಲಿಲ್ಲ. ದೊಡ್ಡ ಕರಿ ಜಾಗವೆಲ್ಲ ಉಪ್ಪು ಉದುರಿಸಿದ ಹಾಗೆ ಬಿಳಿ ಬಿಳಿ ಚುಕ್ಕೆ. ಟ್ರೆಡಲ್ ಇಡೀ ಹಾಳೆಯನ್ನು ಒಂದೇ ಹೊಡೆತಕ್ಕೆ ಒತ್ತುತ್ತದೆ. ಕರಿ ಜಾಗ ಹೆಚ್ಚಾದಷ್ಟೂ ಒತ್ತಡ ಹಂಚಿಹೋಗುತ್ತದೆ. ಎಚಿಂಗ್ ಪ್ರೆಸ್ಸಿನಲ್ಲಿ ಸಿಲಿಂಡರ್ ಒಂದು ಸಾಲನ್ನಷ್ಟೇ ಒತ್ತುತ್ತಾ ಮುಂದೆ ಹೋಗುತ್ತದೆ, ಅದಕ್ಕೇ ಅಲ್ಲಿ ತುಂಬುತ್ತದೆ. ಹಾಗಾಗಿ ಡ್ರಾಯಿಂಗನ್ನೇ ಬದಲಿಸಿದೆವು. ಬ್ಲಾಕಿನ ಅರ್ಧಕ್ಕಿಂತ ಜಾಸ್ತಿ ಕರಿ ಬೇಡ, ಇರುವ ಕರಿಯಲ್ಲೂ ಸಣ್ಣ ಬಿಳಿ ಗೆರೆ ಎಳೆಯಿರಿ ಅಂದೆ. ಬಂಗಾಳದ ವುಡ್‌ಕಟ್ ಕಲಾವಿದ ಹರೇನ್ ದಾಸ್ ಅವರ ಪ್ರಿಂಟ್ ನೋಡಿದವರಿಗೆ ಇದು ಸೋಲಲ್ಲ ಅಂತ ಗೊತ್ತಿರುತ್ತದೆ. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಯ ಹೆಬ್ಬಾತು ಜನವರಿ ಹಾಳೆಗೆ ಹೊಂದಿಕೊಂಡದ್ದೇ ಹೀಗೆ. ಮೈಯೆಲ್ಲ ಗೆರೆ, ತಲೆ ಮೇಲಿನ ಎರಡು ಪಟ್ಟೆ ಮಾತ್ರ ಗಟ್ಟಿ ಕರಿ. ಗದಗಿನ ತ್ರಿಕೂಟೇಶ್ವರ ಗುಡಿಯ ಕಂಬದ ಬ್ಲಾಕ್ ಮಾತ್ರ ಸೋತಿತು. ಗೆರೆ ಅಷ್ಟು ಒತ್ತೊತ್ತಾಗಿತ್ತು, ಇಪ್ಪತ್ತು ಕಾಪಿ ಆಗುವಷ್ಟರಲ್ಲಿ ಇಂಕ್ ಒಳಗೆ ತುಂಬಿ ಕಂಬವೆಲ್ಲ ಮಸಿ.

ಇನ್ನು ಎರಡು ಮಾತು. ಕಾಗದ ಹಾಕದೆ, ಇಂಪ್ರೆಶನ್ ಹ್ಯಾಂಡಲ್ (ಒತ್ತುವುದನ್ನು ನಿಲ್ಲಿಸುವ ಹಿಡಿ) ಆಫ್ ಮಾಡಿ ರೋಲರ್ ಒಂದು ಸುತ್ತು ಜಾಸ್ತಿ ಓಡಿಸಿ. ಎರಡು ಸಲ ಇಂಕ್ ಹತ್ತಿದರೆ ಕರಿ ಬೇರೆಯೇ ಬರುತ್ತದೆ. ದೊಡ್ಡ ಬಿಳಿ ಜಾಗ ಇದ್ದರೆ ರೋಲರ್ ಅಲ್ಲಿ ಕೆಳಗಿಳಿದು ಉಳಿಯ ಗುರುತಿಗೆಲ್ಲ ಇಂಕ್ ಹಚ್ಚುತ್ತದೆ. ಚೇಸಿನ, ಅಂದರೆ ಬ್ಲಾಕ್ ಕಟ್ಟುವ ಕಬ್ಬಿಣದ ಚೌಕಟ್ಟಿನ, ಎರಡೂ ಬದಿಗೆ ಮೊಳೆಯಷ್ಟೇ ಎತ್ತರದ ಮರದ ಪಟ್ಟಿ ಕಟ್ಟಿದರೆ ರೋಲರ್ ಅದರ ಮೇಲೆ ಓಡುತ್ತದೆ. ರೋಲರ್‌ಗೂ ಏಟಿಲ್ಲ. ಕಾಕಾ ಇದನ್ನು ನೋಡಿ ಏನೂ ಮಾತಾಡಲಿಲ್ಲ, ಚಹಾ ತರಿಸಿದರು.

ಕಾಗದವನ್ನು ಬ್ಲಾಕಿಗೆ ಒತ್ತುವ ತಟ್ಟೆ ಪ್ಲಾಟನ್, ಅದರ ಮೇಲಿನ ಪ್ಯಾಕಿಂಗಿನಲ್ಲಿ ನಾನು ಏನು ಇಟ್ಟೆ, ಯಾವ ಕ್ರಮದಲ್ಲಿ ಇಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಒಂದು ತಿಂಗಳು ಹೋಗಿದೆ. ಬೆಟಗೇರಿಗೆ ಬಂದರೆ ತೋರಿಸುತ್ತೇನೆ.

ಟ್ರೆಡಲ್‌ನ ನಿಜವಾದ ಲಾಭ ಬೇರೆ ಇದೆ. ಮರದ ಬ್ಲಾಕು, ಸೀಸದ ಮೊಳೆ ಒಂದೇ ಎತ್ತರಕ್ಕೆ ಬಂದವು ಅಂದರೆ ಎರಡನ್ನೂ ಒಂದೇ ಚೇಸಿನಲ್ಲಿ ಕಟ್ಟಬಹುದು. ಚಿತ್ರ, ತಾರೀಖು ಒಟ್ಟಿಗೇ ಬೀಳುತ್ತವೆ. ಕ್ಯಾಲೆಂಡರ್ ಐಡಿಯಾ ಹುಟ್ಟಿದ್ದೇ ಅಲ್ಲಿಂದ. 31 ದಿನದ ಒಂದು ತಿಂಗಳು ಜೋಡಿಸೋಕೆ 1 ಎಂಬ ಅಂಕಿ 14 ಬೇಕು, 2 ಎಂಬುದು 13 ಬೇಕು. ಕಾಕಾನ ಮೊಳೆ ಇಡುವ ಕೇಸಿನಲ್ಲಿ 1 ಅಷ್ಟು ಇರಲಿಲ್ಲ, ಇನ್ನೊಂದು ಪ್ರೆಸ್ಸಿನಿಂದ ಕಡ ತಂದೆವು. ಒತ್ತಕ್ಷರದ ಮೊಳೆಗಳಂತೂ ಸವೆದು ಹೋಗಿದ್ದವು. ಅಕ್ಟೋಬರ್, ಸೆಪ್ಟೆಂಬರ್ ಜೋಡಿಸೋದು ಬಿಟ್ಟು ಹನ್ನೆರಡೂ ತಿಂಗಳ ಹೆಸರು ಮರದಲ್ಲೇ ಉಲ್ಟಾ ಕೆತ್ತಿದೆವು. ನೋಡಿದವರು ಮೊದಲು ಹೊಗಳೋದು ಆ ಅಕ್ಷರಗಳನ್ನೇ.

ನಡುವೆ ಸುಮ್ನೆ ಕೂರದೆ ಇಂಕ್ ಮಾಡಲು ಹೋದೆ. ಗಾಣದ ಅಗಸಿ ಎಣ್ಣೆ ಕಾಸಿ ಗಟ್ಟಿ ಮಾಡಿ, ದೀಪದ ಕಾಡಿಗೆ ಹಾಕಿ ಅರೆದೆ. ಬಣ್ಣ ಮಸ್ತ್ ಬಂತು. ಆದರೆ ಎಣ್ಣೆ ಸಾಕಷ್ಟು ಗಟ್ಟಿಯಾಗದೆ ಒಂದು ವಾರಕ್ಕೆ ಪ್ರತಿ ಗೆರೆಯ ಸುತ್ತ ಹಳದಿ ಕಲೆ ಹರಡಿತು. ಆ ಎಣ್ಣೆಯನ್ನು ಮನೆಯೊಳಗೆ ಕಾಸಬೇಡಿ, ಬೆಂಕಿ ಹತ್ತುತ್ತದೆ. ಸೀಮೆಎಣ್ಣೆ ಸಿಗದಾಗ ಶೇಂಗಾ ಎಣ್ಣೆಯಲ್ಲಿ ರೋಲರ್ ಒರೆಸಿದೆವು. ಇಂಕ್ ಹೋಗುತ್ತದೆ, ಆದರೆ ಜಿಡ್ಡು ಉಳಿದರೆ ಮರುದಿನದ ಪ್ರಿಂಟು ಒಣಗೋದೇ ಇಲ್ಲ. ಇನ್ನೊಂದು, ಬೆಟಗೇರಿ ಕೈಮಗ್ಗದ ಬಟ್ಟೆ ಮೇಲೆ ವುಡ್‌ಕಟ್ ಮಾಸ್ಕ್. ನೋಡಲು ಚಂದ. ಆಫ್‌ಸೆಟ್ ಇಂಕಿನ ವಾಸನೆ ಮೂಗಿಗೇ ಕಟ್ಟಿಕೊಂಡು ಯಾರು ತಿರುಗುತ್ತಾರೆ? ಮೂವತ್ತು ಮಾಸ್ಕ್ ಈಗ ಉಳಿ ಒರೆಸುವ ಬಟ್ಟೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಪೇಪರ್ 10 ಸಾವಿರ, ಪ್ಲೈ ಮೂರೂವರೆ, ಇಂಕು ಮತ್ತು ಒರೆಸೋ ಸಾಮಾನು 2, ವೈರೊ ಬೈಂಡಿಂಗ್ 5, ಕಾಕಾಗೆ ಬಾಡಿಗೆ 4, ಪ್ಯಾಕಿಂಗ್ ಪಾರ್ಸೆಲ್ 6. ಹತ್ತಿರ ಹತ್ತಿರ 30 ಸಾವಿರ. ಒಂದಕ್ಕೆ 350 ಇಟ್ಟೆವು. ದುಬಾರಿ ಅಂದವರಿದ್ದರು. ಪಾರ್ಸೆಲ್ಲಿನಲ್ಲಿ ಮೂಲೆ ಮಡಚಿ ವಾಪಸ್ ಬಂದವೂ ಇದ್ದವು. ಪುಕ್ಕಟೆ ಹೋದವು, ಹಾಳಾದವು ಬಿಟ್ಟು 80 ಸಾವಿರದ ಆಸುಪಾಸು ಬಂತು. ಉಳಿದ 50ರಲ್ಲಿ ಏಳು ತಿಂಗಳ ಬಾಡಿಗೆ ಬಾಕಿ ಚುಕ್ತಾ ಆಯಿತು. ಗುಜರಿಯವನು ಹೇಳಿದ್ದ ರೇಟಿಗೇ, ಅಂದರೆ 18 ಸಾವಿರಕ್ಕೆ, ಟ್ರೆಡಲ್ ನಮ್ಮದಾಯಿತು. ತಲೆಗೆ ಒಂದೂವರೆ ಸಾವಿರ ಹಂಚಿಕೊಂಡೆವು. ಮನೆಯಲ್ಲಿ "ಅಷ್ಟೇನಾ?" ಅಂದರು.

ಮಶಿನ್ ಸಾಗಿಸಿದ್ದು 2021ರ ಮಾರ್ಚಿನಲ್ಲಿ, ಎರಡನೇ ಅಲೆ ಬರುವ ಸ್ವಲ್ಪ ಮುಂಚೆ. ನೇಕಾರರು ಕಾಲು ಇಳಿಬಿಡುತ್ತಿದ್ದ ಮಗ್ಗದ ಗುಣಿ ತುಂಬಿಸಿ, ಮೇಲೆ ಕಾಂಕ್ರೀಟ್ ಹಾಕಿ ಕೂರಿಸಿದೆವು. ಮೇ ತಿಂಗಳಲ್ಲಿ ಅಂಗಡಿಗಳು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ತೆರೆಯುತ್ತಿದ್ದಾಗ ಪೇಪರ್ ಸಿಗೋದೇ ಕಷ್ಟವಾಯಿತು. ಆಗ ಕ್ಯಾಲೆಂಡರಿನ ಕಟಿಂಗ್ ತುಂಡುಗಳಲ್ಲೇ ಪೋಸ್ಟ್‌ಕಾರ್ಡ್ ಹೊಡೆದೆವು. ಈಗಿರುವ ತಲೆನೋವು ರೋಲರಿನದು. ಹಳೇ ರೋಲರ್ ಬಿಸಿಲಿಗೆ ಬಿರುಕು ಬಿಟ್ಟಿದೆ, ಹೊಸ ರಬ್ಬರ್ ಹಾಕಿಸಬೇಕು. ಮೂರಕ್ಕೂ ಸೇರಿ 6 ಸಾವಿರ ಕೇಳುತ್ತಿದ್ದಾರೆ. ಹತ್ತಿರದಲ್ಲಿ ಕಡಿಮೆಗೆ ಮಾಡಿಕೊಡುವವರು ಗೊತ್ತಿದ್ದರೆ ತಿಳಿಸಿ.